ಗೆರೆಯಲ್ಲಿ ಬಿಟ್ಟ ಜಾಗ

ಬ್ಲಾಂಚರ್ಡ್ಸ್‌ಟೌನ್

ಐರ್ಲೆಂಡಿನಲ್ಲಿ ಏನು ನೋಡಿದೆ ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಕಡಲು ಎಂದಿದ್ದೇನೆ, ಕುರಿ ಎಂದಿದ್ದೇನೆ, ಬರೀ ಮೋಡ ಎಂದಿದ್ದೇನೆ. ಯಾವುದೂ ಸುಳ್ಳಲ್ಲ. ಆದರೆ ನಿಜವಾಗಿ ಕಣ್ಣಿಟ್ಟು ನೋಡಿದ್ದು ಒಂದು ಮಡಕೆಯನ್ನು. ಅದು ಐರ್ಲೆಂಡಿನದೂ ಅಲ್ಲ.

ಡಬ್ಲಿನ್ನಿನ ಹೊರವಲಯದಲ್ಲಿ ಅಣ್ಣನ ಮನೆ ಇರುವ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಬಂದ ಮರುದಿನವೇ ನಾನು ಪಕ್ಕದ ಮನೆಯ ಬಾಗಿಲಿಗೆ ಕೀಲಿ ಹಾಕಿ ತಿರುಗಿಸುತ್ತಿದ್ದೆ. ಒಳಗಿಂದ ಬಂದ ಮುದುಕರು ಬೈಯಲಿಲ್ಲ. "ಯು ಆರ್ ಗ್ರ್ಯಾಂಡ್" ಎಂದು, ಅಂದರೆ ಪರವಾಗಿಲ್ಲ ಬಿಡು ಎಂದು, ಅಣ್ಣನ ಬಾಗಿಲನ್ನು ತೋರಿಸಿದರು. ತೋರಿಸಿದ್ದು ನಂಬರನ್ನಲ್ಲ, ಹೊಸಿಲ ಮುಂದಿನ ರಂಗೋಲಿಯನ್ನು. ಆ ಬೀದಿಯಲ್ಲಿ ಅದೇ ಗುರುತು.

ನಾಗರತ್ನ ಅತ್ತಿಗೆ ಟೆಕ್ ಪಾರ್ಕಿನಲ್ಲಿ ಕೆಲಸಕ್ಕೆ ಹೋಗುವವರು. ಎಷ್ಟು ಬೇಗ ಹೊರಡಬೇಕಾದರೂ ಬಾಗಿಲ ಮುಂದೆ, ಮಳೆ ತಾಗದಷ್ಟು ಕಿರಿದಾದ ಜಾಗದಲ್ಲಿ, ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕುತ್ತಾರೆ. ಎಳೆ ಎಲ್ಲಿ ಹೊರಟಿತೋ ಅಲ್ಲಿಗೇ ಬಂದು ಸೇರಬೇಕು, ಬಾಯಿ ಬಿಟ್ಟ ಎಳೆ ಮನೆಗೆ ಆಗಿಬರುವುದಿಲ್ಲ ಎನ್ನುವುದು ಅವರ ತಾಯಿಯ ಕಟ್ಟಪ್ಪಣೆ. ಅತ್ತಿಗೆಯ ಕೈ ಎಷ್ಟು ಖಚಿತವೆಂದರೆ ಎಲ್ಲಿ ಸೇರಿತು ಎಂದು ಹುಡುಕಿದರೂ ಸಿಕ್ಕುವುದಿಲ್ಲ.

ಮಗಳು ದಿಯಾ ಶಾಲೆಯ ಬೂಟಿನಲ್ಲೇ ಅದನ್ನು ದಾಟುವಳು. ದಾಟುವಳು ಎನ್ನುವುದು ನನ್ನ ದಾಕ್ಷಿಣ್ಯ.

"ತುಳೀಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

"ಇಟ್ಸ್ ಓನ್ಲಿ ಫ್ಲೋರ್, ಅಮ್ಮಾ."

ಅತ್ತಿಗೆಗೆ ಮಗಳು ಹೇಳುವುದೆಲ್ಲ ಅರ್ಥವಾಗುತ್ತದೆ, ಮಗಳಿಗೆ ತಾಯಿಯದೂ. ಆದರೂ ಊಟದ ಮೇಜಿನಲ್ಲಿ ಕನ್ನಡ ಒಂದು ಕಡೆಯಿಂದ, ಇಂಗ್ಲಿಷ್ ಇನ್ನೊಂದು ಕಡೆಯಿಂದ ಹೊರಟು, ನಡುವೆ ಸಾರಿನ ಪಾತ್ರೆಯ ಹತ್ತಿರ ನಿಂತುಬಿಡುತ್ತಿದ್ದವು. ಶಾಲೆಗೆ ರಜೆ ಬಂದಾಗ ಅತ್ತಿಗೆ ಲೆಟರ್‌ಕೆನ್ನಿಯ ಹತ್ತಿರ ಯಾರೋ ನಡೆಸುವ ಮಡಕೆ ಮಾಡುವ ಶಿಬಿರಕ್ಕೆ ಮೂವರ ಹೆಸರನ್ನೂ ಕೊಟ್ಟರು. ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಒಂದು ಕುಟುಂಬ ಬಂದು ಕಲಿಸುತ್ತದಂತೆ.

"ಮಡಕೆ ಕಟ್ಕೊಂಡು ನಿಮಗೇನಾಗ್ಬೇಕು ಅತ್ತಿಗೆ?" ಎಂದೆ.

"ಮಡಕೆ ಯಾರಿಗ್ ಬೇಕೇ ವಿಜಿ. ಕೈ ತುಂಬ ಮಣ್ಣಾದ್ರೆ ಇವಳು ಮೊಬೈಲ್ ಮುಟ್ಟೋಕಾಗಲ್ಲ."

ಸುತ್ತು ದಾರಿ

ಡಬ್ಲಿನ್ನಿನಿಂದ ಲೆಟರ್‌ಕೆನ್ನಿಗೆ ನೇರ ದಾರಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡನ್ನು ಹಾದು ಹೋಗುತ್ತದೆ. ಅಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಒಂದು ಕಲ್ಲು ಕೂಡ ಇಲ್ಲ. ಆದರೆ ನನ್ನ ವೀಸಾ ಅದಕ್ಕೆ ಆಗುವುದಿಲ್ಲ. ಅತ್ತಿಗೆ ಮತ್ತು ದಿಯಾ ಈಗ ಇಲ್ಲಿಯ ಪ್ರಜೆಗಳು, ಅವರು ಎಲ್ಲಿ ಬೇಕಾದರೂ ಹಾಯಬಹುದು. ನನ್ನೊಬ್ಬಳಿಗಾಗಿ ಕಾರು ಪಶ್ಚಿಮಕ್ಕೆ ಹೋಗಿ, ಸ್ಲೈಗೋ ಸುತ್ತಿ, ಕಡಲ ಬದಿಯಿಂದ ಮೇಲೆ ಹತ್ತಿತು. ದಿಯಾ ಹಿಂದಿನ ಸೀಟಿನಲ್ಲಿ ನಿಟ್ಟುಸಿರು ಬಿಡುತ್ತಾ, "ಅತ್ತೆ, ನೋಬಡಿ ಚೆಕ್ಸ್" ಎಂದು ಆಗಾಗ ಹೇಳಿದಳು. ನಮ್ಮ ಪೈಕಿಯವರ ಭಯ ಅವಳಿಗೆ ತಿಳಿಯುವುದಿಲ್ಲ. ಯಾರೂ ನೋಡದಿದ್ದರೂ ನಾವು ಸಿಕ್ಕಿಬೀಳುತ್ತೇವೆ ಎಂದು ನಂಬಿದವರು ನಾವು.

ನನ್ನ ನೆನಪಿನಲ್ಲಿ ದಾರಿಯುದ್ದಕ್ಕೂ ಮಳೆ. ದಿಯಾ ತೆಗೆದ ಫೋಟೋಗಳಲ್ಲಿ ಬಿಸಿಲಿದೆ. ಒಂದರಲ್ಲಿ ನಾನು ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದೇನೆ. ಆ ನಗುವವಳನ್ನು ನಾನು ನಂಬುವುದಿಲ್ಲ. ಮಳೆಯನ್ನೇ ಇಟ್ಟುಕೊಳ್ಳುತ್ತೇನೆ.

ಲೆಟರ್‌ಕೆನ್ನಿಯಿಂದ ಆಚೆ, ದನದ ಕೊಟ್ಟಿಗೆ

ಶಿಬಿರ ನಡೆಯುವುದು ಹಳೆಯ ದನದ ಕೊಟ್ಟಿಗೆಯಲ್ಲಿ. ಅದರೊಡತಿ ಊನಾ ಎಂಬ ಹೆಂಗಸು ನಾವು ಹೇಳಿದ್ದಕ್ಕೆಲ್ಲ ಗ್ರ್ಯಾಂಡ್, ಗ್ರ್ಯಾಂಡ್ ಎನ್ನುತ್ತಾ ಬಾಗಿಲಲ್ಲೇ ಚಹಾ ಕೊಟ್ಟರು. ಒಳಗೆ ಉದ್ದನೆಯ ಮೇಜು, ಕಬ್ಬಿಣದ ಒಲೆ, ಒಲೆಯ ಪಕ್ಕದಲ್ಲಿ ಆ ಕುಟುಂಬದ ಮೂವರು.

ಹಿರಿಯಾಕೆ ಕ್ಲಾರಾ, ಗಿಡ್ಡ ಮೈಕಟ್ಟು, ದಪ್ಪ ಕನ್ನಡಕ. ಅವರ ಮಗಳು ಟೀನಾ, ನಲವತ್ತರ ಆಚೀಚೆ, ಜೋರು ಬಾಯಿ. ಕ್ಲಾರಾರ ತಮ್ಮ ಬೆನ್, ಎಪ್ಪತ್ತು ದಾಟಿದವರು, ಎತ್ತರದ ಮನುಷ್ಯ. ಅವರು ಕೈಕುಲುಕಲು ಎಡಗೈ ಕೊಟ್ಟರು. ಬಲಗೈ ಜಾಕೆಟ್ಟಿನ ಜೇಬಿನೊಳಗೇ ಇತ್ತು, ಜೇಬು ಅಲುಗುತ್ತಿತ್ತು. ಒಳಗೆ ಇಲಿಮರಿ ಇಟ್ಟುಕೊಂಡಿದ್ದಾರೇನೋ ಎಂದು ಒಂದು ಗಳಿಗೆ ಅಂದುಕೊಂಡೆ.

ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಬೇರೆ ದಾರಿ ಗೊತ್ತಿಲ್ಲ.

"ನಮ್ಮಲ್ಲಿ ಯಾರೂ ಒಬ್ಬರೇ ಮಡಕೆ ಮಾಡಲ್ಲ," ಎಂದು ಕ್ಲಾರಾ ಶುರು ಮಾಡಿದರು. "ನಾನು ಕಟ್ತೀನಿ. ಟೀನಾ ಉಜ್ಜಿ ಹೊಳಪು ತರ್ತಾಳೆ. ಬೆನ್ ಗೆರೆ ಎಳೀತಾನೆ. ನಮ್ಮಮ್ಮ ಇದ್ದಾಗ ಅವಳು ಕಟ್ತಿದ್ಳು, ನಾನು ಉಜ್ತಿದ್ದೆ. ಜಾಗ ಬದಲಾಗುತ್ತೆ, ಅಷ್ಟೇ."

"ಬಯ್ಯೋ ಕೆಲಸ ಮಾತ್ರ ಎಲ್ಲರದೂ," ಎಂದಳು ಟೀನಾ.

"ಮಣ್ಣು ಹಸಿ ಇರೋವಾಗ ಬಯ್ಯೋ ಹಾಗಿಲ್ಲ. ಹೊರಗೆ ಹೋಗಿ ಬಯ್ಕೊಂಡು ಬಾ."

ಅವರ ಊರಿನ ಮಣ್ಣು ಸೂಟ್‌ಕೇಸಿನಲ್ಲಿ ಬಂದಿತ್ತು. ತಿಗರಿ ಇಲ್ಲ. ಕೋಡುಬಳೆಗೆ ಹೊಸೆಯುವ ಹಾಗೆ ಮಣ್ಣನ್ನು ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ಸೋರೆ ಬುರುಡೆಯ ಚೂರಿನಿಂದ ಸವರಿ ಒಂದಾಗಿಸುತ್ತಾರೆ. ಒಣಗಿದ ಮೇಲೆ ಬಿಳಿಮಣ್ಣಿನ ತಿಳಿ ಬಳಿದು, ಹೊಳೆಯಲ್ಲಿ ಸಿಕ್ಕಿದ ನುಣುಪು ಕಲ್ಲಿನಿಂದ ಉಜ್ಜುವುದು. ಗೆರೆ ಬರೆಯುವುದು ಆಮೇಲೆ. ಬೆಂಕಿ ಎಲ್ಲಕ್ಕಿಂತ ಕೊನೆಗೆ.

ನಮಗೆ ತೋರಿಸಲೆಂದು ಊನಾ ಮನೆಯೊಳಗಿಂದ ಒಂದು ಮಡಕೆ ತಂದರು. ಈ ದೇಶದ ತೇವದಲ್ಲಿ ಅದು ಒಣಗದೆ, ಬಿಸಿನೀರಿನ ಸಿಲಿಂಡರ್ ಇರುವ ಬೀರುವಿನಲ್ಲಿ ಟವೆಲುಗಳ ನಡುವೆ ಇಟ್ಟಿದ್ದರಂತೆ. ಕಟ್ಟಿ, ಉಜ್ಜಿ ಆಗಿತ್ತು. ಅರ್ಧ ಮೈಗೆ ಕಪ್ಪು ಗೆರೆಗಳು ಬಿದ್ದಿದ್ದವು: ಮೆಟ್ಟಿಲು, ಮೋಡ, ಸಣ್ಣ ಸಣ್ಣ ಮಳೆಯ ಕಡ್ಡಿಗಳು. ಕತ್ತಿನ ಕೆಳಗೆ ಇನ್ನೂ ಖಾಲಿ.

"ಇದು ಬೆನ್ ಬರೀತಿರೋ ಕೊನೇ ಮಡಕೆ," ಎಂದರು ಕ್ಲಾರಾ, ಅವರೆದುರೇ.

ಬೆನ್ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. ಚಮಚೆಗಳು ಸದ್ದು ಮಾಡಿದವು. "ಇದು ಮಾತು ಕೇಳಲ್ಲ ಈಗ. ಇದೊಂದು ಮುಗಿಸಿಬಿಡೋಣ ಅಂತ."

ಕೊನೆಯದನ್ನು ತಮ್ಮ ಊರಿನಲ್ಲೇ ಮಾಡಬಹುದಿತ್ತಲ್ಲ ಎಂದು ಕೇಳಿದೆ. ಪ್ರವಾಸಿಗಳು ಕೇಳಬಾರದ್ದನ್ನು ಕೇಳುತ್ತಾರೆ.

"ಊರಲ್ಲಿ ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ. ಇಲ್ಲಿ ಯಾರಿಗೂ ಅದು ಮೊದಲು ಹೇಗಿತ್ತು ಅಂತ ಗೊತ್ತಿಲ್ಲ," ಎಂದರು.

ಅದೇ ಜಾಗ, ಸಂಜೆಯ ತನಕ

ಉಜ್ಜುವ ಕೆಲಸ ಒಮ್ಮೆ ಶುರುವಾದರೆ ನಿಲ್ಲಿಸುವಂತಿಲ್ಲ. ತಿಳಿ ಒಣಗುವ ಮೊದಲು ಇಡೀ ಮೈಗೆ ಹೊಳಪು ಬರಬೇಕು, ಕೈ ನಿಂತಲ್ಲಿ ಗುರುತು ಉಳಿಯುತ್ತದೆ. ಒಬ್ಬರ ಕೈ ಸೋತರೆ ಕಲ್ಲು ಇನ್ನೊಬ್ಬರ ಕೈಗೆ ಹೋಗಬೇಕು. ಟೀನಾ ಅತ್ತಿಗೆಗೂ ದಿಯಾಗೂ ಒಂದೇ ಬಟ್ಟಲು, ಒಂದೇ ಕಲ್ಲು ಕೊಟ್ಟಳು.

"ಮೆತ್ತಗೆ ಉಜ್ಜು, ಪಾತ್ರೆ ತಿಕ್ದಂಗೆ ತಿಕ್ಬೇಡ."

"ಐ ಆಮ್ ಡೂಯಿಂಗ್ ಇಟ್ ಮೆತ್ತಗೆ."

"ಕೊಡಿಲ್ಲಿ ನಾನು ಮಾಡ್ತೀನಿ."

"ದೆನ್ ವೈ ಆಮ್ ಐ ಈವನ್ ಹಿಯರ್?"

ಕಲ್ಲು ಇಬ್ಬರ ಕೈಯಲ್ಲೂ ಇಲ್ಲದೆ ಮೇಜಿನ ಮೇಲೆ ಕುಳಿತಿತು. ಬಟ್ಟಲಿನ ಹೊಟ್ಟೆಗೆ ಮಂಕಾದ ಒಂದು ಪಟ್ಟಿ ಬಿತ್ತು. ಟೀನಾ ಅದನ್ನು ಬೆಳಕಿಗೆ ಹಿಡಿದು, "ಇಲ್ಲಿ ನೋಡಿ, ಜಗಳ ಆಗಿದ್ದು ಇಲ್ಲಿ," ಎಂದು ತೋರಿಸಿ ನಕ್ಕಳು. ತಾಯಿ ಮಗಳು ನಗಲಿಲ್ಲ. ದಿಯಾ ಎದ್ದು ಹೊರಗೆ ಹೋದಳು, ಅತ್ತಿಗೆ ಹಿಂದೆಯೇ ಹೋದರು. ಗಾಜಿನಾಚೆ ಇಬ್ಬರ ಬಾಯಿಯೂ ಅಲುಗುವುದು ಕಾಣಿಸುತ್ತಿತ್ತು.

ಅವರು ಒಳಗೆ ಬಂದಾಗ ಬೆನ್ ಬರೆಯಲು ಕುಳಿತಿದ್ದರು. ಕುಂಚವೆಂದರೆ ಒಂದು ಮರುಭೂಮಿಯ ಗಿಡದ ಎಲೆ. ತುದಿಯನ್ನು ಹಲ್ಲಿನಿಂದ ಜಗಿದು ನಾಲ್ಕಾರು ನಾರು ಉಳಿಸಿದ್ದು. ಬಣ್ಣ ಯಾವುದೋ ಕಾಡುಸೊಪ್ಪನ್ನು ಕುದಿಸಿ ಗಟ್ಟಿ ಮಾಡಿದ್ದು. ಬೆನ್ ಮೊಣಕೈಯನ್ನು ಮೇಜಿಗೆ ಒತ್ತಿ, ಮಣಿಕಟ್ಟನ್ನು ಎಡಗೈಯಿಂದ ಬಿಗಿಹಿಡಿದು, ಕುಂಚವನ್ನು ಗಾಳಿಯಲ್ಲಿ ನಿಲ್ಲಿಸಿದರು. ಅವರು ಬರೆಯಲಿಲ್ಲ. ಕ್ಲಾರಾ ಮಡಕೆಯನ್ನು ತಂದು ಕುಂಚಕ್ಕೆ ತಾಗಿಸಿ, ತಿರುಗಿಸಿದರು. ತಮ್ಮನ ಉಸಿರು ಹೊರಗೆ ಹೋಗುವಾಗ ಮಾತ್ರ ತಿರುಗಿಸುವರು, ಒಳಗೆ ಬರುವಾಗ ನಿಲ್ಲಿಸುವರು. ನಿಂತ ಕುಂಚದ ಕೆಳಗೆ ಮಡಕೆ ನಡೆದು ಹೋಗಿ ಗೆರೆಯಾಯಿತು. ಆ ಗೆರೆ ಯಾರದು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ.

ಕತ್ತನ್ನು ಸುತ್ತಿ ಬಂದ ಗೆರೆ ಶುರುವಾದ ಜಾಗಕ್ಕೆ ಬೆರಳಗಲ ದೂರದಲ್ಲಿ ನಿಂತಿತು. ಕ್ಲಾರಾ ಮಡಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಬೆನ್‌ರ ಮಣಿಕಟ್ಟು ಹಿಡಿತ ತಪ್ಪಿಸಿಕೊಂಡು ಎಷ್ಟು ಹಾರಾಡಿತೆಂದರೆ ಬಣ್ಣದ ಬಟ್ಟಲು ಉರುಳಿತು. ಅವರು ಎದ್ದು, ಯಾರ ಮುಖವನ್ನೂ ನೋಡದೆ ಅಂಗಳಕ್ಕೆ ಹೋದರು.

"ಪಾಪ. ಇಷ್ಟೇ ಇಷ್ಟು ಉಳಿದಿತ್ತು ವಿಜಿ," ಎಂದು ಅತ್ತಿಗೆ ನನ್ನ ಕಿವಿಯಲ್ಲಿ ಹೇಳಿದರು.

ಆ ಜಾಗವನ್ನು ಬೇಕೆಂದೇ ಬಿಡುತ್ತಾರೆ ಎಂದು ನಮಗೆ ಯಾರಾದರೂ ಹೇಳಿದ್ದರೆ? ಬರೆಯುತ್ತಿರುವ ಈ ಹೊತ್ತು, ಟೀನಾ ಅದನ್ನು ಆ ಸಂಜೆಯೇ ಹೇಳಿದಳು, ನಾನು ಕೇಳಿಸಿಕೊಂಡೆ ಎನ್ನಿಸುತ್ತದೆ. ಅವಳ ಧ್ವನಿಯೂ ಕಿವಿಯಲ್ಲಿದೆ. ದಿಯಾ ಫೋನಿನಲ್ಲಿ, ಇಲ್ಲ, ಅದು ಮರುದಿನ, ಆದ ಮೇಲೆ, ಎನ್ನುತ್ತಾಳೆ. ಅವಳದೇ ಸರಿ ಇರಬೇಕು. ಗೊತ್ತಾದ ಮೇಲೆ ನೆನಪು ಹಿಂದಕ್ಕೆ ಹೋಗಿ ಎಲ್ಲ ಕಡೆಯೂ ಬಣ್ಣ ಬಳಿದು ಬರುತ್ತದೆ.

ಬೆಳಗ್ಗೆ

ಎಲ್ಲರೂ ಊನಾರ ಅಡುಗೆಮನೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದೆವು. ಅತ್ತಿಗೆ ಎಂದಿನಂತೆ ಎಲ್ಲರಿಗಿಂತ ಮೊದಲೇ ಎದ್ದು ಸ್ನಾನ ಮಾಡಿ, ಕೊಟ್ಟಿಗೆಯಲ್ಲಿ ಮರೆತ ಶಾಲು ತರಲು ಹೋಗಿದ್ದವರು ಒಳಗೆ ಬಂದರು. ಮುಖದಲ್ಲಿ ಬಹಳ ದಿನಗಳಿಂದ ಕಾಣದ ಒಂದು ಕಳೆ ಇತ್ತು. ಕುಳಿತು ಚಹಾ ಬಗ್ಗಿಸಿಕೊಂಡರು.

ಮೊದಲು ಕೂಗಿದ್ದು ಟೀನಾ. ನಾವು ಓಡಿದಾಗ ಅವಳು ಮಡಕೆಯ ಮುಂದೆ ನಿಂತಿದ್ದಳು. "ಯಾರು? ಯಾರು ಮುಟ್ಟಿದ್ದು ಇದನ್ನ?"

"ನಾನೇ," ಎಂದರು ಅತ್ತಿಗೆ. ನಗುತ್ತಲೇ ಹೇಳಿದರು. "ಸ್ವಲ್ಪ ಉಳಿದಿತ್ತಲ್ವಾ, ಬಟ್ಟಲ ತಳದ ಬಣ್ಣದಲ್ಲೇ ಸೇರಿಸ್ಬಿಟ್ಟೆ. ಪಾಪ, ಅವರಿಗೆ ಕೈ ಆಗ್ತಿರ್ಲಿಲ್ಲ."

ಗೆರೆ ಮುಚ್ಚಿತ್ತು. ದಪ್ಪದಲ್ಲಿ, ಬಣ್ಣದಲ್ಲಿ, ಬಾಗಿನಲ್ಲಿ ಎಲ್ಲಿಯೂ ವ್ಯತ್ಯಾಸವಿಲ್ಲ. ಬೆನ್ ಮುಂದೆ ಬಂದು, ಎಡಗೈಯಿಂದ ಮಡಕೆಯನ್ನು ಒಂದು ಸುತ್ತು ತಿರುಗಿಸಿದರು. ಹುಡುಕಿದರು. ಮತ್ತೆ ತಿರುಗಿಸಿದರು.

"ನನ್ನದಕ್ಕಿಂತ ಚೆನ್ನಾಗಿದೆ," ಎಂದು ನಕ್ಕರು.

ಕ್ಲಾರಾ ನಗಲಿಲ್ಲ. "ಅಲ್ಲಿ ದಾರಿ ಬಿಟ್ಟಿರ್ತೀವಿ," ಎಂದರು ನಿಧಾನವಾಗಿ. "ನಮ್ಮ ಮನೆಯಲ್ಲಿ ಸುತ್ತೋ ಗೆರೆ ಮುಚ್ಚಲ್ಲ. ಬರೆದವನು ಒಳಗೆ ಸಿಕ್ಕಿಹಾಕ್ಕೊಬಾರದು ಅಂತ ಅಮ್ಮ ಹೇಳ್ತಿದ್ಳು."

"ಯಾಕೆ ಅಂತ ಕೇಳಿದ್ರೆ ತಲೆಗೊಂದು ಬಿಡ್ತಿದ್ಳು," ಎಂದರು ಬೆನ್.

ಅತ್ತಿಗೆಯ ನಗು ಎಲ್ಲಿಗೆ ಹೋಯಿತೋ. "ಅಯ್ಯೋ ದೇವರೇ," ಎಂದವರೇ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಮುಂದೆ ನುಗ್ಗಿದರು. ರಂಗೋಲಿ ತಪ್ಪಿದರೆ ನಮ್ಮಲ್ಲಿ ಹಾಗೇ ಅಲ್ಲವೇ ಒರೆಸುವುದು. ಟೀನಾ ಅವರ ಮುಂಗೈಯನ್ನು ಗಕ್ಕನೆ ಹಿಡಿದಳು.

"ಬೇಡ! ಹೊಳಪು ಹೋಗುತ್ತೆ. ಅಲ್ಲಿ ಗಾಯ ಆದಂಗೆ ಕಾಣುತ್ತೆ."

"ನಮ್ಮಲ್ಲಿ ಬಿಡಬಾರದು," ಎಂದರು ಅತ್ತಿಗೆ, ಇಂಗ್ಲಿಷ್ ಮರೆತು, ಕನ್ನಡದಲ್ಲೇ. "ಎಳೆ ಬಿಟ್ಟರೆ ಕೆಟ್ಟದ್ದು. ಹೇಳೇ ದಿಯಾ, ಹೇಳು ಇವರಿಗೆ."

ದಿಯಾ ಹೇಳಿದಳು. ತಾಯಿ ಹೇಳಿದ್ದನ್ನಷ್ಟೇ ಅಲ್ಲ, ಬಾಗಿಲ ಮುಂದಿನ ಚುಕ್ಕಿಗಳನ್ನೂ, ಎಳೆಯನ್ನೂ, ಅಜ್ಜಿಯ ಅಪ್ಪಣೆಯನ್ನೂ ತನ್ನ ಡಬ್ಲಿನ್ ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದಳು. ಅವಳಿಗೆ ಅಷ್ಟೆಲ್ಲ ಗೊತ್ತಿದೆಯೆಂದು ನನಗೆ ತಿಳಿದಿರಲಿಲ್ಲ. ಅತ್ತಿಗೆಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಬೆನ್ ಮೇಜಿನ ಮೇಲಿನ ಒಣಮಣ್ಣಿನ ಧೂಳನ್ನು ಅಂಗೈಯಿಂದ ಹರಡಿದರು. "ತೋರಿಸು."

ಅತ್ತಿಗೆ ಬೆರಳಿನಿಂದ ಚುಕ್ಕಿ ಇಟ್ಟರು. ಸುತ್ತ ಎಳೆ ಹೋಯಿತು, ಬಳಸಿತು, ದಾಟಿತು, ಹೊರಟಲ್ಲಿಗೆ ಬಂದು ಸೇರಿತು. ಬೆನ್ ಬಗ್ಗಿ ಬಹಳ ಹೊತ್ತು ನೋಡಿದರು.

"ಚುಕ್ಕಿ ಒಳಗೇ ಉಳಿದುಬಿಡುತ್ತಲ್ಲ, ಪಾಪ."

"ಒಳಗೇ ಇರ್ಲಿ ಅಂತಾನೇ ಹಾಕೋದು," ಎಂದರು ಅತ್ತಿಗೆ. ದಿಯಾ ಅದನ್ನೂ ಹೇಳಿದಳು.

ಬಕೆಟ್ಟು

ಬೆನ್ ಮೊದಲು ಚಾಕು ಕೇಳಿದರು. ಅತ್ತಿಗೆ ಬರೆದ ಬೆರಳಗಲವನ್ನು ಕೆರೆದು ತೆಗೆಯಬೇಕು, ಗಾಯ ಉಳಿದರೆ ಉಳಿಯಲಿ ಎಂದು. ಆದರೆ ಕೆರೆಯುವುದು ಗೆರೆ ಎಳೆದಂತಲ್ಲ. ಮಡಕೆ ತಿರುಗಿದರೆ ಸಾಲದು, ಕೈಯೇ ಆಡಬೇಕು. ಚಾಕುವಿನ ಮೊನೆ ಮಡಕೆಯ ಕತ್ತಿನ ಹತ್ತಿರ ಬಂದು, ಹಾರಿ, ಮತ್ತೆ ಬಂದಿತು. ಟೀನಾ, "ಮಾಮ, ನಾನು," ಎಂದಳು. ಬೆನ್ ಇಲ್ಲವೆಂದು ತಲೆಯಾಡಿಸಿ ಚಾಕುವನ್ನು ಕೆಳಗಿಟ್ಟರು.

"ಹೀಗೇ ಸುಡೋಣ," ಎಂದರು ಕ್ಲಾರಾ. "ಯಾರಿಗೆ ಗೊತ್ತಾಗುತ್ತೆ?"

"ನಿಂಗೆ ಗೊತ್ತಿರುತ್ತೆ."

"ನಾನು ಯಾರಿಗೂ ಹೇಳಲ್ಲ."

"ಅಕ್ಕ," ಎಂದರು ಬೆನ್. ಅವರು ಕರೆದದ್ದು ಹೆಸರು ಹಿಡಿದೇ. ನನಗೆ ಕೇಳಿಸಿದ್ದು ಅಕ್ಕ ಎಂದು. "ನೀನು ತಿರುಗಿಸಿದ್ದು. ನಿನಗೆ ಗೊತ್ತಿದ್ದರೆ ಅರ್ಧ ಗೆರೆಗೆ ಗೊತ್ತಿದ್ದ ಹಾಗೆ."

ಕ್ಲಾರಾ ಕನ್ನಡಕ ತೆಗೆದು ಸೆರಗಿಲ್ಲದ ತಮ್ಮ ಬಟ್ಟೆಯ ತುದಿಯಲ್ಲಿ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ಇನ್ನೊಂದು ಮಾಡೋಣ. ಮಣ್ಣು ಇದೆ. ನಾಳೆಯಿಂದಲೇ."

"ಮಣ್ಣಿದೆ. ಕೈ ಇಲ್ಲ." ಬೆನ್ ಬಲಗೈಯನ್ನು ಜೇಬಿಗೆ ಹಾಕಿಕೊಂಡರು. "ನಿನ್ನೆಯದೇ ನನ್ನ ಕೊನೇ ಗೆರೆ. ಚೆನ್ನಾಗಿಯೇ ಬಂತು. ನೋಡಿದ್ದೀನಿ, ಸಾಕು. ನೀರು ತಾ."

ಸುಡದ ಮಡಕೆ ಇನ್ನೂ ಮಣ್ಣೇ. ಕೆಟ್ಟುಹೋದದ್ದನ್ನು ಅವರು ಒಡೆದು ಎಸೆಯುವುದಿಲ್ಲ, ನೀರಿಗೆ ಹಾಕಿ ಮತ್ತೆ ಮಣ್ಣು ಮಾಡುತ್ತಾರೆ. ಅವರ ತಾಯಿ ಅಗೆದ ಗುಂಡಿಯದೇ ಮಣ್ಣು ಅದು, ಇಲ್ಲಿ ಬಿಟ್ಟು ಹೋಗುವಂಥದ್ದಲ್ಲ. ಊನಾ ಬಕೆಟ್ಟಿನಲ್ಲಿ ನೀರು ತಂದಿಟ್ಟರು. ಎಲ್ಲದಕ್ಕೂ ಗ್ರ್ಯಾಂಡ್ ಎನ್ನುವವರು ಆಗ ಅದನ್ನು ಹೇಳಲಿಲ್ಲ.

ಮಡಕೆಯನ್ನು ಎತ್ತಿ ಇಳಿಸಿದವರು ಕ್ಲಾರಾ. ಕೂಸನ್ನು ಎರೆಯಲು ಇಳಿಸುವಂತೆ, ಕತ್ತಿನ ಕೆಳಗೆ ಕೈ ಕೊಟ್ಟು. ನೀರು ತಾಗಿದ ಕೂಡಲೆ ಒಣಮಣ್ಣು ಸೋಡಾದ ಹಾಗೆ ಸಣ್ಣಗೆ ಸದ್ದು ಮಾಡಿತು. ಗುಳ್ಳೆಗಳು ಎದ್ದವು. ಉಜ್ಜಿದ ಮೈ ಒಂದಷ್ಟು ಹೊತ್ತು ತಡೆಯಿತು. ಆಮೇಲೆ ತಳದಿಂದ ಪದರು ಪದರಾಗಿ ಕಳಚಿ, ಹೊಟ್ಟೆ ಕುಸಿದು, ಮೋಡವೂ ಮೆಟ್ಟಿಲೂ ಒಂದರ ಮೇಲೊಂದು ಮಲಗಿದವು. ನೀರು ಹಾಲಿನಂತಾಗಿ ಏನೂ ಕಾಣಿಸದಾಯಿತು.

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. ಕಣ್ಣೀರಿಲ್ಲ. ಆ ಖಚಿತವಾದ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದರು. ದಿಯಾ ಅವರ ಪಕ್ಕ ನಿಂತಳೋ, ಬಾಗಿಲ ಬಳಿ ನಿಂತಳೋ, ನನಗೆ ನೆನಪಿಲ್ಲ. ಪಕ್ಕ ನಿಂತಳು ಎಂದು ಬರೆದರೆ ಚೆನ್ನಾಗಿರುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಮಣ್ಣಿನಲ್ಲಿ ಗಂಟು ಉಳಿಯಬಾರದು, ಹಿಸುಕಿ ಒಡೆಯಬೇಕು. ಕ್ಲಾರಾ ತೋಳು ಮಡಚಿ ಬಕೆಟ್ಟಿಗೆ ಕೈಹಾಕಿದರು. ಟೀನಾ ಕುಳಿತಳು. ಬೆನ್ ಮೊಣಕಾಲೂರಿ ಎರಡೂ ಕೈಗಳನ್ನು ಮೊಣಕೈವರೆಗೂ ಇಳಿಸಿದರು. ಬಿಳಿನೀರಿನೊಳಗೆ ಯಾರ ಕೈ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕೈಯ ನಡುಕವೂ ಕಾಣುತ್ತಿರಲಿಲ್ಲ, ಬೆನ್‌ರ ಭುಜ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಬೆನ್ ತಲೆ ಎತ್ತಿ ಅತ್ತಿಗೆಯನ್ನು ನೋಡಿದರು. "ಬಾ, ಕೂತ್ಕೋ. ಗಂಟು ಬಹಳ ಇದೆ."

ಅತ್ತಿಗೆ ಬಂದು ಕುಳಿತರು. ಬಳೆ ತೆಗೆಯಲು ಹೋದರೆ ಟೀನಾ ಬೇಡ ಎಂದಳು. ಗಾಜಿನ ಬಳೆಗಳು ನೀರೊಳಗೆ ಸದ್ದಿಲ್ಲದೆ ಮುಳುಗಿದವು.

ಹಿಸುಕುತ್ತಲೇ ಕ್ಲಾರಾ, ತಲೆ ಎತ್ತದೆ, ಕೇಳಿದರು: "ಊರಿಗೆ ಹೋದ ಮೇಲೆ ಇದರಲ್ಲಿ ಏನು ಮಾಡಲಿ?"

"ಮಡಕೆ ಮಾಡು."

"ಮೇಲೆ?"

"ಮೇಲೇನೂ ಬೇಡ," ಎಂದರು ಬೆನ್. "ಟೀನಾ ಉಜ್ಜಲಿ. ಅಷ್ಟು ಸಾಕು."

ಕ್ಲಾರಾ ನೀರಿನೊಳಗೆ ಏನನ್ನೋ ಹುಡುಕಿ ಹಿಡಿದರು. ಬೆನ್‌ರ ಭುಜ ಅಲುಗುವುದು ನಿಂತಿತು. ಹಿಡಿದದ್ದು ಮಣ್ಣಿನ ಗಂಟಲ್ಲ ಎಂದು ಆಗ ತಿಳಿಯಿತು.